ಸರಬರಾಜಿನ ಸರಪಳಿಯೂ ನಮ್ಮೂರಿನ ಗಣಕೋದ್ಯಮವೂ

ಶಿವನಸಮುದ್ರದ ಜಲಪಾತದಿಂದ ವಿದ್ಯುಚ್ಛಕ್ತಿಯು ಹುಟ್ಟಿದುದು 1902ನೆಯ ಇಸವಿಯಲ್ಲಿ. ಅದು ಹುಟ್ಟಿದುದು ಬೆಂಗಳೂರಿನ ಬೀದಿಗಳಿಗಾಗಿ ಅಲ್ಲ, ನಮ್ಮ ರೈತರ ಗದ್ದೆಗಳಿಗಾಗಿಯೂ ಅಲ್ಲ. ಕೋಲಾರದ ಚಿನ್ನದ ಗಣಿಗಳನ್ನು ನಡೆಯಿಸುತ್ತಿದ್ದ ಆಂಗ್ಲ ಕಂಪೆನಿಗಳ ಯಂತ್ರಗಳಿಗಾಗಿ. ತೊಂಬತ್ತು ಮೈಲಿಗಳಿಗೂ ಮಿಕ್ಕ ದೂರಕ್ಕೆ ತಂತಿಯನ್ನು ಎಳೆದದ್ದು ಆ ಒಂದು ಗಿರಾಕಿಯ ಅವಶ್ಯಕತೆಗಾಗಿ. ಬೆಂಗಳೂರಿಗೆ ಬೆಳಕು ಬಂದುದು ಮೂರು ವರ್ಷಗಳ ತರುವಾಯ, 1905ರಲ್ಲಿ. ಕೋಲಾರದ ಚಿನ್ನವು ಸಮುದ್ರವನ್ನು ದಾಟಿ ಹೋಯಿತು. ಗಣಿಗಳೂ 2001ರಲ್ಲಿ ಮುಚ್ಚಿಹೋದುವು. ಆದರೆ ಆ ವಿದ್ಯುತ್ತನ್ನು ಹಿಡಿದುಕೊಂಡು ನಮ್ಮವರು ಗಿರಣಿಗಳನ್ನು ನಡೆಯಿಸಿದರು, ಲೇತುಗಳನ್ನು ತಿರುಗಿಸಿದರು, ಒಂದು ನಗರವನ್ನೇ ಕಟ್ಟಿದರು. ದೊಡ್ಡ ಕಂಪೆನಿಯೊಂದು ತನ್ನ ಸ್ವಾರ್ಥಕ್ಕಾಗಿ ತರುವ ವಸ್ತುವು ಅದರ ಕೈಯನ್ನು ಮೀರಿ ಊರಿನ ಸ್ವತ್ತಾಗಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವು ಬೇಕಾಗಿಲ್ಲ. ಊರಿನವರು ಎಚ್ಚರವಾಗಿದ್ದರೆ, ಎಂಬ ಮಾತನ್ನು ಮಾತ್ರ ಸೇರಿಸಬೇಕು.

ಇಂದು ಅಂತಹುದೇ ಇನ್ನೊಂದು ಸಂದರ್ಭವು ನಮ್ಮ ಮುಂದೆ ಬಂದು ನಿಂತಿದೆ. ಈ ಸಲ ಬಂದಿರುವುದು ತಂತಿಯ ರೂಪದಲ್ಲಲ್ಲ, ಲೆಕ್ಕದ ರೂಪದಲ್ಲಿ.

ದೊಡ್ಡ ಕಾರ್ಖಾನೆಯೆಂದರೆ ಎಲ್ಲವನ್ನೂ ತಾನೇ ತಯಾರಿಸುವ ಸಂಸ್ಥೆಯೆಂಬ ಭಾವನೆಯು ಇನ್ನೂ ಅನೇಕರಲ್ಲಿದೆ. ವಸ್ತುಸ್ಥಿತಿಯು ಹಾಗಿಲ್ಲ. 1940ರ ಡಿಸೆಂಬರಿನಲ್ಲಿ ವಾಲಚಂದ ಹಿರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯಾಗಲಿ, 1951ರಲ್ಲಿ ಬಂದ ಮೈಕೋ ಆಗಲಿ, 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ಆಗಲಿ, 1999ರ ಕೊನೆಯಿಂದ ಬಿಡದಿಯಲ್ಲಿ ಮೋಟಾರುಗಳನ್ನು ತಯಾರಿಸುತ್ತಿರುವ ಟೊಯೋಟ ಕಿರ್ಲೋಸ್ಕರ್ ಆಗಲಿ, ತಮ್ಮ ಬಿಡಿಭಾಗಗಳಲ್ಲಿ ಬಹುಪಾಲನ್ನು ಹೊರಗಿನವರಿಂದ ಕೊಳ್ಳುತ್ತವೆ. ಆ ಹೊರಗಿನವರು ಇನ್ನೊಬ್ಬರಿಂದ, ಅವರು ಮತ್ತೊಬ್ಬರಿಂದ. ಹೀಗೆ ಕೊನೆಗೆ ಪೀಣ್ಯದ ಯಾವುದೋ ಅಡ್ಡರಸ್ತೆಯಲ್ಲಿ, ಎರಡು ಲೇತು ಒಂದು ಮಿಲ್ಲಿಂಗ್ ಯಂತ್ರಗಳನ್ನು ಬ್ಯಾಂಕಿನ ಸಾಲದಿಂದ ಕೊಂಡು, ತಾನೂ ಹೆಂಡತಿಯೂ ನಾಲ್ಕು ಜನ ಕೆಲಸಗಾರರೂ ಸೇರಿ ನಡೆಯಿಸುವ ಷೆಡ್ಡಿನವರೆಗೆ ಈ ಸರಪಳಿಯು ಇಳಿಯುತ್ತದೆ. ಬೆಳಗಾವಿಯ ಎರಕದ ಕಾರ್ಖಾನೆಗಳೂ ಶಿವಮೊಗ್ಗದ ಎರಕದ ಕಾರ್ಖಾನೆಗಳೂ ಹುಬ್ಬಳ್ಳಿಯ ವಾಲ್ವು ತಯಾರಕರೂ ಇದೇ ಸರಪಳಿಯ ಕೊಂಡಿಗಳು.

ಹಿಂದೆ ಈ ಕೊಂಡಿಗಳನ್ನು ಬೆಸೆದಿದ್ದುದು ಕಾಗದ. ಕೊಳ್ಳುವವರ ಆರ್ಡರು ಟಪಾಲಿನಲ್ಲಿ ಬರುತ್ತಿತ್ತು. ಮಾಲಿನ ಜೊತೆಗೆ ಮೂರು ಪ್ರತಿಗಳ ಚಲನ್ ಹೋಗುತ್ತಿತ್ತು. ಬಿಲ್ಲನ್ನು ಮಾಲೀಕನೇ ಕೈಯಲ್ಲಿ ಹಿಡಿದು ಅಕೌಂಟ್ಸ್ ವಿಭಾಗದ ಕಿಟಕಿಯ ಮುಂದೆ ನಿಲ್ಲುತ್ತಿದ್ದನು. ಈಗ ಆರ್ಡರು ಕಂಪೆನಿಯ ಪೋರ್ಟಲಿನಲ್ಲಿ ಪ್ರಕಟವಾಗುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ನಗ ಬೇಕೆಂಬ ಪಟ್ಟಿಯು ಅಲ್ಲಿಯೇ ದಿನದಿನಕ್ಕೂ ಬದಲಾಗುತ್ತದೆ. ಮಾಲು ಹೊರಡುವ ಮುನ್ನ ಅದರ ವಿವರವನ್ನು ಮುಂಗಡವಾಗಿ ಪೋರ್ಟಲಿಗೆ ತಿಳಿಸಬೇಕು. ಪ್ರತಿಯೊಂದು ಪೆಟ್ಟಿಗೆಗೂ ಕಂಪೆನಿಯು ಹೇಳಿದ ಅಳತೆಯಲ್ಲಿ, ಹೇಳಿದ ಸ್ಥಳದಲ್ಲಿ ಬಾರ್‌ಕೋಡ್ ಚೀಟಿಯನ್ನು ಅಂಟಿಸಬೇಕು. ಪರೀಕ್ಷೆಯ ಅಳತೆಗಳನ್ನು ಕಳುಹಿಸಬೇಕು. ತಿರಸ್ಕೃತವಾದ ನಗಗಳ ಲೆಕ್ಕವನ್ನು ಒಪ್ಪಬೇಕು, ಇಲ್ಲವೇ ನಿಗದಿಯಾದ ದಿನಗಳೊಳಗೆ ಆಕ್ಷೇಪಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಲಾರಿಯು ಹೆಬ್ಬಾಗಿಲಿನಲ್ಲಿಯೇ ನಿಲ್ಲುವುದು. ಹಣವು ಅದಕ್ಕಿಂತ ಹೆಚ್ಚು ದಿನ ನಿಲ್ಲುವುದು. ಸಾವಿರದಲ್ಲೊಂದು ಮಿಲಿಮೀಟರಿನಷ್ಟು ಸೂಕ್ಷ್ಮವಾಗಿ ಉಕ್ಕನ್ನು ಕಡೆಯಬಲ್ಲ ಜಾಣನೊಬ್ಬನು ಒಂದು ಚೀಟಿಯನ್ನು ಮುದ್ರಿಸಲಾರದೆ ಗಿರಾಕಿಯನ್ನು ಕಳೆದುಕೊಳ್ಳುವ ಸ್ಥಿತಿಯು ಹೀಗೆ ಉಂಟಾಗಿದೆ. ಇಲ್ಲಿಯೇ ನಮ್ಮೂರಿನ ಕಂಪ್ಯೂಟರ್ ವಿದ್ಯಾವಂತನಿಗೆ ಕೆಲಸವು ಕಾದಿರುವುದು.

ಈ ಕೆಲಸವನ್ನು ಗುಮಾಸ್ತಗಿರಿಯೆಂದು ಹೀಗಳೆಯುವವರಿಗೆ ಎರಡು ಚರಿತ್ರೆಗಳನ್ನು ನೆನಪಿಸಬೇಕು. ಮೊದಲನೆಯದು ಜಪಾನಿನದು. ಟೊಯೋಟ ಕಂಪೆನಿಗೆ ಬಿಡಿಭಾಗಗಳನ್ನು ಒದಗಿಸುವ ಡೆನ್ಸೋ ಎಂಬ ಸಂಸ್ಥೆಯಲ್ಲಿ ಕೆಲಸಗಾರರು ಪೆಟ್ಟಿಗೆಗಳ ಮೇಲಿನ ಬಾರ್‌ಕೋಡುಗಳನ್ನು ಒಂದಾದ ಮೇಲೊಂದರಂತೆ ಓದಿಸಿ ಬೇಸತ್ತಿದ್ದರು. ಒಂದೊಂದು ಬಾರ್‌ಕೋಡಿನಲ್ಲಿ ಹಿಡಿಯುತ್ತಿದ್ದುದು ಕೆಲವೇ ಅಕ್ಷರಗಳು. ಈ ಕಷ್ಟವನ್ನು ನೀಗಿಸಲು ಆ ಸಂಸ್ಥೆಯ ಎಂಜಿನಿಯರ್ ಮಸಾಹಿರೊ ಹಾರಾ ಅವರೂ ಅವರ ಸಂಗಡಿಗರೂ 1994ರಲ್ಲಿ ಚೌಕಾಕಾರದ ಹೊಸ ಗುರುತೊಂದನ್ನು ರೂಪಿಸಿದರು. ಅದರಲ್ಲಿ ಏಳು ಸಾವಿರ ಅಂಕೆಗಳು ಹಿಡಿಯುತ್ತವೆ. ಎಣ್ಣೆ ಮೆತ್ತಿದರೂ, ಮೂಲೆ ಹರಿದರೂ ಓದಲು ಬರುತ್ತದೆ. ಹಕ್ಕುಪತ್ರವನ್ನು ಪಡೆದರೂ ಅದನ್ನು ಚಲಾಯಿಸುವುದಿಲ್ಲವೆಂದು ಸಂಸ್ಥೆಯು ಸಾರಿತು. ಅದೇ ಕ್ಯೂಆರ್ ಕೋಡ್. ಇಂದು ನಮ್ಮ ಗಾಂಧಿಬಜಾರಿನ ಸೊಪ್ಪಿನ ಗಾಡಿಯ ಮೇಲೆಯೂ ತೂಗುತ್ತಿರುವ ಆ ಕಪ್ಪುಬಿಳಿ ಚೌಕವು ಮೋಟಾರು ಕಾರ್ಖಾನೆಯೊಂದರ ಸರಬರಾಜುದಾರನ ತಲೆನೋವಿನಿಂದ ಹುಟ್ಟಿದುದೆಂಬುದು ಅದರಿಂದ ಹಣ ಪಡೆಯುವವರಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಎರಡನೆಯ ಚರಿತ್ರೆಯು ಬೆಂಗಳೂರಿನದೇ. ಶ್ಯಾಮಸುಂದರ ಗೋಯೆಂಕಾ ಎಂಬ ವರ್ತಕರು ಬಟ್ಟೆಯ ಗಿರಣಿಗಳಿಗೂ ಇತರ ಕಾರ್ಖಾನೆಗಳಿಗೂ ಕಚ್ಚಾ ಮಾಲನ್ನೂ ಯಂತ್ರದ ಭಾಗಗಳನ್ನೂ ಒದಗಿಸುತ್ತಿದ್ದರು. ತಮ್ಮ ಲೆಕ್ಕಪತ್ರವನ್ನು ಕಂಪ್ಯೂಟರಿನಲ್ಲಿ ಇಡಲು ತಕ್ಕ ಸಾಫ್ಟ್‌ವೇರ್ ಸಿಕ್ಕದಿರಲು, ಗಣಿತ ಪದವೀಧರರಾದ ತಮ್ಮ ಮಗ ಭರತ ಗೋಯೆಂಕಾ ಅವರಿಗೆ ಅದನ್ನು ಬರೆಯಲು ಹೇಳಿದರು. 1986ರಲ್ಲಿ ತಂದೆಮಕ್ಕಳು ಸ್ಥಾಪಿಸಿದ ಆ ಸಂಸ್ಥೆಯ ಸರಕೇ ಟ್ಯಾಲಿ. ಇಂದು ದೇಶದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ "ಟ್ಯಾಲಿ ಬರುತ್ತದೆಯೇ?" ಎಂದು ಕೇಳದೆ ಲೆಕ್ಕದ ಕೆಲಸಕ್ಕೆ ಯಾರೂ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಮಗನಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. ಈ ಎರಡು ಸಂದರ್ಭಗಳಲ್ಲಿಯೂ ಸಾಧನವನ್ನು ಕಂಡುಹಿಡಿದವರು ಸರಪಳಿಯ ತುದಿಯಲ್ಲಿದ್ದ ದೊಡ್ಡ ಕೊಳ್ಳುವವರಲ್ಲ, ಮಾರುವವರು. ಎಂದರೆ ಕಷ್ಟವನ್ನು ಅನುಭವಿಸುತ್ತಿದ್ದವರು.

ಕಂಪೆನಿಗಳ ಒತ್ತಾಯವು ಸಾಲದೆಂಬಂತೆ ಸರ್ಕಾರದ ಕಾನೂನೂ ಇದಕ್ಕೆ ಕೈಗೂಡಿಸಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯು ಬಂದಿತು. 2018ರ ಏಪ್ರಿಲ್ 1ರಿಂದ ಐವತ್ತು ಸಾವಿರ ರೂಪಾಯಿಗೆ ಮೀರಿದ ಮಾಲನ್ನು ಸಾಗಿಸಲು ಇ-ವೇ ಬಿಲ್ ಕಡ್ಡಾಯವಾಯಿತು. ರಾಜ್ಯದೊಳಗಿನ ಸಾಗಾಟಕ್ಕೂ ಅದೇ ದಿನದಿಂದ ಅದನ್ನು ಜಾರಿಗೆ ತಂದವರು ನಮ್ಮವರೇ, ಏಕೆಂದರೆ ಇ-ಸುಗಮ ಎಂಬ ಇಂತಹ ಕ್ರಮವು ಕರ್ನಾಟಕದ ವರ್ತಕರಿಗೆ ಮೊದಲೇ ರೂಢಿಯಾಗಿತ್ತು. ಬಳಿಕ ಇ-ಇನ್‌ವಾಯ್ಸ್ ಬಂದಿತು. ಅದರ ಇಳಿತವನ್ನು ಗಮನಿಸಬೇಕು. 2020ರ ಅಕ್ಟೋಬರಿನಲ್ಲಿ ಅದು ಅನ್ವಯಿಸಿದುದು ವರ್ಷಕ್ಕೆ 500 ಕೋಟಿ ರೂಪಾಯಿಗಳಿಗೆ ಮೀರಿದ ವಹಿವಾಟಿನವರಿಗೆ. ಮೂರು ತಿಂಗಳಲ್ಲಿ 100 ಕೋಟಿಗೆ ಇಳಿಯಿತು. 2021ರ ಏಪ್ರಿಲಿನಲ್ಲಿ 50 ಕೋಟಿ, 2022ರ ಏಪ್ರಿಲಿನಲ್ಲಿ 20, ಅಕ್ಟೋಬರಿನಲ್ಲಿ 10, 2023ರ ಆಗಸ್ಟಿನಲ್ಲಿ 5 ಕೋಟಿ. ಮೂರು ವರ್ಷಗಳೊಳಗೆ ನೂರರಲ್ಲಿ ಒಂದು ಪಾಲಿಗೆ! ಮಹಡಿಯಿಂದ ಮೆಟ್ಟಲಿಳಿದು ಕಾನೂನು ಅಂಗಡಿಯ ಬಾಗಿಲಿಗೇ ಬಂದು ನಿಂತಿತು. ಇದರಂತೆ ಬಿಲ್ಲನ್ನು ಬರೆದರೆ ಸಾಲದು. ಅದನ್ನು ಸರ್ಕಾರದ ನೋಂದಣಿ ಪೋರ್ಟಲಿಗೆ ಕಳುಹಿಸಿ, 64 ಅಕ್ಷರಗಳ ಗುರುತನ್ನೂ ಕ್ಯೂಆರ್ ಕೋಡನ್ನೂ ಪಡೆಯಬೇಕು. ಅದಿಲ್ಲದ ಬಿಲ್ಲಿನ ಮೇಲೆ ಕೊಳ್ಳುವವನಿಗೆ ತೆರಿಗೆಯ ಜಮೆಯು ದೊರೆಯದು; ಜಮೆಯು ದೊರೆಯದ ಬಿಲ್ಲನ್ನು ಯಾವ ದೊಡ್ಡ ಕಂಪೆನಿಯೂ ಮುಟ್ಟದು.

ಹೀಗಾಗಿ ಸಣ್ಣ ಕಾರ್ಖಾನೆಯ ಗುಮಾಸ್ತನು ಒಂದೇ ಮಾಲಿನ ವಿವರವನ್ನು ಮೂರು ಸಲ ಬರೆಯುತ್ತಾನೆ: ತನ್ನ ಲೆಕ್ಕದಲ್ಲಿ ಒಮ್ಮೆ, ಸರ್ಕಾರದ ಪೋರ್ಟಲಿನಲ್ಲಿ ಒಮ್ಮೆ, ಕೊಳ್ಳುವ ಕಂಪೆನಿಯ ಪೋರ್ಟಲಿನಲ್ಲಿ ಮತ್ತೊಮ್ಮೆ. ಗಿರಾಕಿಗಳು ಹತ್ತಿದ್ದರೆ ಪೋರ್ಟಲುಗಳೂ ಹತ್ತು. ಒಂದರ ರೂಪ ಒಂದಕ್ಕಿಲ್ಲ. ಒಬ್ಬರು ಭಾಗದ ಸಂಖ್ಯೆಯ ನಡುವೆ ಅಡ್ಡಗೆರೆ ಕೇಳಿದರೆ ಇನ್ನೊಬ್ಬರು ಅದನ್ನು ಕಂಡರೆ ತಿರಸ್ಕರಿಸುತ್ತಾರೆ. ಮೂರು ಸಲ ಬರೆದಲ್ಲಿ ಒಂದು ಸಲವಾದರೂ ತಪ್ಪು ನುಸುಳದೆ ಇರದು. ಒಂದು ಸಲ ಬರೆದುದು ಮೂರು ಕಡೆಗೂ ತಾನಾಗಿ ಹೋಗುವಂತೆ ಮಾಡಬಲ್ಲ ತರುಣನಿಗೆ ಇಂದು ಪೀಣ್ಯದ ಒಂದೊಂದು ರಸ್ತೆಯಲ್ಲಿಯೂ ಗಿರಾಕಿಗಳಿದ್ದಾರೆ. ಇದಕ್ಕೆ ಕೃತಕ ಬುದ್ಧಿಮತ್ತೆಯ ಮಹಾಪಾಂಡಿತ್ಯವೇನೂ ಬೇಕಾಗಿಲ್ಲ. ಬೇಕಾದುದು ತಾಳ್ಮೆ, ಪ್ರಾಮಾಣಿಕತೆ, ಮತ್ತು ಷೆಡ್ಡಿನೊಳಗೆ ಹೋಗಿ ಕೈಗೆ ಮಸಿಯಾದರೂ ಚಿಂತೆಯಿಲ್ಲದೆ ನಿಂತು ನೋಡುವ ಸ್ವಭಾವ.

ಆದರೆ ಈ ಕೆಲಸವನ್ನು ಈಗ ಮಾಡುತ್ತಿರುವವರು ಯಾರು? ಬೆಂಗಳೂರಿನಿಂದ ಅಮೆರಿಕೆಯ ಬ್ಯಾಂಕುಗಳಿಗೂ ಯೂರೋಪಿನ ವಿಮಾ ಕಂಪೆನಿಗಳಿಗೂ ಸಾಫ್ಟ್‌ವೇರ್ ಹೋಗುತ್ತದೆ. ನಗರದ ಇನ್ನೊಂದು ಮಗ್ಗುಲಲ್ಲಿ ಸಾವಿರಾರು ಕಾರ್ಖಾನೆಗಳಲ್ಲಿ ಮಾಲಿನ ಲೆಕ್ಕವು ಎಣ್ಣೆಯ ಕೈಗುರುತಿನ ನೋಟ್‌ಬುಕ್ಕಿನಲ್ಲಿರುತ್ತದೆ. ದೀಪದ ಬುಡದಲ್ಲಿ ಕತ್ತಲೆಯೆಂಬುದು ಇದೇ. ಇದಕ್ಕೆ ಕಾರಣವಿಲ್ಲದಿಲ್ಲ. ದೊಡ್ಡ ಸಾಫ್ಟ್‌ವೇರ್ ಸಂಸ್ಥೆಗಳಿಗೆ ಆರು ಜನರ ಕಾರ್ಖಾನೆಯು ಗಿರಾಕಿಯೆಂದೇ ಕಾಣುವುದಿಲ್ಲ. ಅವುಗಳ ಒಬ್ಬ ಎಂಜಿನಿಯರ್ ಒಂದು ವಾರ ಬಂದು ಕುಳಿತರೆ ಆಗುವ ವೆಚ್ಚವನ್ನು ಈ ಕಾರ್ಖಾನೆಯು ವರ್ಷವೆಲ್ಲ ದುಡಿದರೂ ತೀರಿಸಲಾರದು. ಹೊರದೇಶದ ದೊಡ್ಡ ಲೆಕ್ಕದ ವ್ಯವಸ್ಥೆಗಳು ದೊಡ್ಡವರ ಮೈಯಳತೆಗೆ ಹೊಲಿದ ಅಂಗಿಗಳು. ಸಣ್ಣವನು ತೊಟ್ಟರೆ ತೋಳು ನೆಲಕ್ಕೆ ಎಳೆಯುತ್ತದೆ. ಅಂತರ್ಜಾಲದ ಮೂಲಕ ಬಾಡಿಗೆಗೆ ಸಿಕ್ಕುವ ಸಾಫ್ಟ್‌ವೇರಿನಿಂದ ಎಲ್ಲವೂ ಆಗುವುದೆಂದು ಹೇಳುವವರಿದ್ದಾರೆ. ಅದು ಅಗ್ಗ, ಒಳ್ಳೆಯದು, ಬಳಸತಕ್ಕದ್ದೇ. ಆದರೆ ರಾತ್ರಿ ಎರಡು ಗಂಟೆಗೆ ಲಾರಿಯು ಹೊರಡಲು ಸಿದ್ಧವಾಗಿದ್ದು, ಚೀಟಿ ಮುದ್ರಿಸುವ ಯಂತ್ರವು ಮೊಂಡು ಹಿಡಿದು ಕುಳಿತಾಗ, ಸಾವಿರಾರು ಮೈಲಿ ದೂರದ ಸಹಾಯವಾಣಿಯು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದರೆ ಏನು ಬಂದಂತಾಯಿತು? ಆಗ ಬೇಕಾಗುವವನು ಮುಂದಿನ ರಸ್ತೆಯಲ್ಲಿರುವವನು, ಕರೆದರೆ ಬರುವವನು.

ಅವನಿಗೆ ಕಂಪ್ಯೂಟರ್ ತಿಳಿದಿದ್ದರೆ ಮಾತ್ರ ಸಾಲದು, ಕಸುಬು ತಿಳಿದಿರಬೇಕು. ಎರಕದ ಕಾರ್ಖಾನೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕುಲುಮೆಯಲ್ಲಿ ಕಬ್ಬಿಣವನ್ನು ಒಂದು ಸಲ ಕರಗಿಸಿದರೆ ಅದಕ್ಕೆ ಒಂದು ಹೀಟ್ ನಂಬರು. ಆ ಸಲದ ಲೋಹದಲ್ಲಿ ಇಂಗಾಲವೆಷ್ಟು, ಸಿಲಿಕಾನ್ ಎಷ್ಟು, ಗಂಧಕವೆಷ್ಟು ಎಂಬ ಪರೀಕ್ಷೆಯ ಫಲವು ಆ ನಂಬರಿನ ಹೆಸರಿನಲ್ಲಿ ದಾಖಲಾಗಬೇಕು. ಆ ಲೋಹದಿಂದ ಹೊಯ್ದ ಪ್ರತಿಯೊಂದು ಭಾಗವೂ ಆ ನಂಬರನ್ನು ಹೊತ್ತೇ ಹೋಗಬೇಕು. ಎರಡು ವರ್ಷಗಳ ಮೇಲೆ ಎಲ್ಲಿಯೋ ಒಂದು ಭಾಗವು ಸೀಳಿತೆನ್ನಿ. ದಾಖಲೆಯಿದ್ದರೆ ಆ ಒಂದು ಹೀಟಿನ ಭಾಗಗಳನ್ನು ಮಾತ್ರ ಹಿಂದಕ್ಕೆ ತರಿಸಿದರೆ ಆಯಿತು. ದಾಖಲೆಯಿಲ್ಲದಿದ್ದರೆ ಆ ತಿಂಗಳು ಹೊಯ್ದುದೆಲ್ಲವೂ ಸಂಶಯಕ್ಕೆ ಗುರಿ; ಅದರ ಖರ್ಚು ಬೀಳುವುದು ಎರಕದವನ ತಲೆಯ ಮೇಲೆಯೇ. ಒಂದು ಸಣ್ಣ ಕಾರ್ಖಾನೆಯು ಮುಚ್ಚಿಹೋಗಲು ಇಂತಹ ಒಂದು ಪ್ರಸಂಗವು ಸಾಕು. ವಿಮಾನದ ಭಾಗಗಳಿಗಂತೂ ಈ ನಿಯಮವು ಇನ್ನೂ ಕಠಿಣ; ಲೋಹದ ಮೂಲದಿಂದ ಹಿಡಿದು ತಪಾಸಣೆ ಮಾಡಿದವನ ಸಹಿಯವರೆಗೆ ಎಲ್ಲದಕ್ಕೂ ದಾಖಲೆಯಿರಬೇಕು, ಅದು ವರ್ಷಗಟ್ಟಲೆ ಉಳಿಯಬೇಕು. ಬೆಳಗಾವಿಯ ಏಕಸ್ ಸಂಸ್ಥೆಯ ವಿಮಾನ ಬಿಡಿಭಾಗಗಳು ಏರ್‌ಬಸ್ ಕಂಪೆನಿಗೆ ಹೋಗುತ್ತಿವೆ; ಬೆಂಗಳೂರಿನ ಡೈನಮ್ಯಾಟಿಕ್ ಸಂಸ್ಥೆಗೆ 2024ರಲ್ಲಿ ಅದೇ ಕಂಪೆನಿಯ ಎ220 ವಿಮಾನದ ಬಾಗಿಲುಗಳ ಕೆಲಸವು ದೊರೆಯಿತು. ಇಂತಹ ಆರ್ಡರು ಒಂದು ಊರಿಗೆ ಬಂದಾಗ, ಅದರ ಹಿಂದೆ ಬರುವ ದಾಖಲೆಯ ಕೆಲಸವೂ ಆ ಊರಿಗೇ ದಕ್ಕಬೇಕೆಂದು ನಾವು ಕೇಳುವುದು ಅತ್ಯಾಸೆಯಲ್ಲ.

ಸಣ್ಣವನ ಕಂಪ್ಯೂಟರಿನ ವಿಷಯದಲ್ಲಿ ದೊಡ್ಡವನು ಏಕೆ ತಲೆಕೆಡಿಸಿಕೊಳ್ಳಬೇಕೆಂದು ಕೇಳಬಹುದು. 2022ರ ಫೆಬ್ರವರಿ ತಿಂಗಳ ಕೊನೆಯಲ್ಲಿ ಜಪಾನಿನ ಕೊಜಿಮಾ ಇಂಡಸ್ಟ್ರೀಸ್ ಎಂಬ ಪ್ಲಾಸ್ಟಿಕ್ ಬಿಡಿಭಾಗಗಳ ಸರಬರಾಜುದಾರರ ಕಂಪ್ಯೂಟರುಗಳೊಳಕ್ಕೆ ದುಷ್ಕರ್ಮಿಗಳು ನುಗ್ಗಿದರು. ಬೆದರಿಕೆಯ ಸಂದೇಶವನ್ನು ಕಂಡು ಅವರು ಎಲ್ಲವನ್ನೂ ನಿಲ್ಲಿಸಬೇಕಾಯಿತು. ಫಲವೇನು? ಮಾರ್ಚ್ 1ರಂದು ಟೊಯೋಟ ಕಂಪೆನಿಯು ಜಪಾನಿನಲ್ಲಿರುವ ತನ್ನ 14 ಕಾರ್ಖಾನೆಗಳ 28 ಸಾಲುಗಳನ್ನೂ ಒಂದು ದಿನ ನಿಲ್ಲಿಸಿತು. ಸುಮಾರು 13,000 ವಾಹನಗಳ ತಯಾರಿಕೆಯು ಹಿಂದೆ ಬಿದ್ದಿತು. ಬಾಂಬು ಬಿದ್ದರೂ ಇಷ್ಟು ಕಾರ್ಖಾನೆಗಳು ಒಂದೇ ದಿನ ನಿಲ್ಲುತ್ತಿದ್ದುವೋ ಇಲ್ಲವೋ! ಅದಕ್ಕೆ ಮುಂಚೆ 2013ರ ಕೊನೆಯಲ್ಲಿ ಅಮೆರಿಕೆಯ ಟಾರ್ಗೆಟ್ ಎಂಬ ಅಂಗಡಿಗಳ ಸಂಸ್ಥೆಯಿಂದ ನಾಲ್ಕು ಕೋಟಿ ಗಿರಾಕಿಗಳ ಕಾರ್ಡುಗಳ ವಿವರವು ಕಳುವಾಯಿತು. ಕಳ್ಳರು ಒಳಹೊಕ್ಕುದು ಆ ಅಂಗಡಿಗಳ ಶೀತಕ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಗುತ್ತಿಗೆದಾರನಿಂದ ಕದ್ದ ಪಾಸ್‌ವರ್ಡಿನಿಂದ. ಆ ಗುತ್ತಿಗೆದಾರನಿಗೆ ದೊಡ್ಡವರ ವ್ಯವಸ್ಥೆಯೊಳಗೆ ಪ್ರವೇಶವಿದ್ದುದು ಬಿಲ್ಲು ಮೊದಲಾದ ಕಾಗದಪತ್ರಗಳ ವ್ಯವಹಾರಕ್ಕಾಗಿ!

ಅಂದಿನಿಂದ ದೊಡ್ಡ ಕಂಪೆನಿಗಳು ಸರಬರಾಜುದಾರರಿಗೆ ಉದ್ದುದ್ದನೆಯ ಪ್ರಶ್ನಾವಳಿಗಳನ್ನು ಕಳುಹಿಸತೊಡಗಿವೆ. ನಿಮ್ಮ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟಿದ್ದೀರಾ? ಕೆಲಸ ಬಿಟ್ಟುಹೋದವನ ಪಾಸ್‌ವರ್ಡನ್ನು ರದ್ದುಮಾಡಿದ್ದೀರಾ? ಸಾಫ್ಟ್‌ವೇರ್ ಕದ್ದದ್ದೋ ಕೊಂಡದ್ದೋ? ನಮ್ಮ ಸಣ್ಣ ಕಾರ್ಖಾನೆಗಳಲ್ಲಿ ಬಹುತೇಕ ಮಾಲೀಕರು ಇವಕ್ಕೆಲ್ಲ "ಹೌದು" ಎಂದು ಗುರುತು ಹಾಕಿ ಕಳುಹಿಸಿಬಿಡುತ್ತಾರೆಂಬುದು ಆ ಬೀದಿಗಳಲ್ಲಿ ಗುಟ್ಟಾಗಿ ಉಳಿದಿಲ್ಲ. ಅದನ್ನು ನಿಜವಾದ "ಹೌದು" ಮಾಡುವ ಕೆಲಸವೇ ಒಂದು ಉದ್ಯೋಗ. ತಿಂಗಳಿಗೊಮ್ಮೆ ಇಪ್ಪತ್ತು ಮೂವತ್ತು ಕಾರ್ಖಾನೆಗಳನ್ನು ಸುತ್ತಿ, ಪ್ರತಿಗಳನ್ನು ತೆಗೆದು, ತೆಗೆದ ಪ್ರತಿಯಿಂದ ಮತ್ತೆ ಲೆಕ್ಕವನ್ನು ಎಬ್ಬಿಸಲು ಆಗುವುದೇ ಎಂದು ಪರೀಕ್ಷಿಸಿ, ಬಾಗಿಲು ಭದ್ರವಾಗಿದೆಯೇ ಎಂದು ನೋಡಿ ಬರುವ ಇಬ್ಬರು ಮೂವರು ತರುಣರ ಸಂಸ್ಥೆಯು ಯಾವ ಜಿಲ್ಲಾ ಕೇಂದ್ರದಲ್ಲಿಯಾದರೂ ಬದುಕಬಲ್ಲದು. ಹಿಂದಿನವರು ಪೇಟೆಯ ಅಂಗಡಿಗಳಿಗೆ ರಾತ್ರಿಯ ಕಾವಲುಗಾರನನ್ನು ಎಲ್ಲರೂ ಸೇರಿ ಇಟ್ಟುಕೊಳ್ಳುತ್ತಿರಲಿಲ್ಲವೇ? ಇದೂ ಹಾಗೆಯೇ.

ನಮ್ಮ ನಾಡಿನಲ್ಲಿಯೇ ನಡೆದ ಇನ್ನೊಂದು ಪ್ರಸಂಗವನ್ನು ಮರೆಯಲಾಗದು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಆ್ಯಪಲ್ ಕಂಪೆನಿಗಾಗಿ ಫೋನುಗಳನ್ನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಕೆಲಸಗಾರರು ರೊಚ್ಚಿಗೆದ್ದರು. ಗಾಜು ಒಡೆಯಿತು, ವಾಹನಗಳು ಉರುಳಿದುವು, ನೂರಾರು ತರುಣರು ಬಂಧನಕ್ಕೆ ಒಳಗಾದರು. ರಾಜ್ಯದ ಕಾರ್ಖಾನೆಗಳ ಇಲಾಖೆಯು ವಿಚಾರಿಸಿದಾಗ ತಿಳಿದುದೇನು? ಐದು ಸಾವಿರದಷ್ಟಿದ್ದ ಕೆಲಸಗಾರರ ಸಂಖ್ಯೆಯು ಸ್ವಲ್ಪ ಕಾಲದಲ್ಲಿಯೇ ಹತ್ತು ಸಾವಿರವನ್ನು ಮೀರಿತ್ತು. ಹಾಜರಿಯನ್ನು ದಾಖಲಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಯು ಸರಿಯಾಗಿ ಕೆಲಸಮಾಡುತ್ತಿರಲಿಲ್ಲ. ಅದನ್ನು ಸಕಾಲದಲ್ಲಿ ಸರಿಪಡಿಸಿರಲಿಲ್ಲ. ದುಡಿದ ದಿನಕ್ಕೂ ಸಿಕ್ಕಿದ ಕೂಲಿಗೂ ತಾಳೆಯಾಗಲಿಲ್ಲ. ಕೆಲಸದ ಗಂಟೆಗಳ ಲೆಕ್ಕವನ್ನು ಇಡುವುದರಲ್ಲಿ ಲೋಪವಾಗಿ ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಕೆಲವರಿಗೆ ವೇತನವು ತಡವಾಯಿತೆಂದು ಆ್ಯಪಲ್ ಕಂಪೆನಿಯೂ ಒಪ್ಪಿಕೊಂಡು, ವಿಸ್ಟ್ರಾನಿಗೆ ಹೊಸ ಕೆಲಸವನ್ನು ಕೊಡುವುದನ್ನು ತಡೆಹಿಡಿಯಿತು. 2023ರಲ್ಲಿ ಆ ಕಾರ್ಖಾನೆಯು ಟಾಟಾ ಎಲೆಕ್ಟ್ರಾನಿಕ್ಸಿನ ಕೈಸೇರಿತು. ಹಿಂಸೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಜಗತ್ತಿನ ಅತ್ಯಂತ ಸೂಕ್ಷ್ಮವಾದ ಯಂತ್ರವನ್ನು ಜೋಡಿಸುವ ಸ್ಥಳದಲ್ಲಿ ಒಬ್ಬ ಹಳ್ಳಿಯ ಹುಡುಗನು ಎಷ್ಟು ಗಂಟೆ ದುಡಿದನೆಂಬುದನ್ನು ಎಣಿಸುವ ಸಾಧನವು ನೆಟ್ಟಗಿರಲಿಲ್ಲವೆಂಬುದು ಯೋಚಿಸತಕ್ಕ ವಿಷಯ. ನರಸಾಪುರದಿಂದ ಬೆಂಗಳೂರಿಗೆ ಎರಡು ಗಂಟೆಯ ದಾರಿಯೂ ಇಲ್ಲ. ಹಾಜರಿಯ ಯಂತ್ರವನ್ನು ರಿಪೇರಿಮಾಡಿ ಅದರ ಲೆಕ್ಕವನ್ನು ಸಂಬಳದ ಪಟ್ಟಿಗೆ ತಾಳೆಹಾಕಬಲ್ಲ ಜನರು ಆ ದಾರಿಯುದ್ದಕ್ಕೂ ಇದ್ದಾರೆ. ಕರೆಯುವ ಪದ್ಧತಿಯಿರಲಿಲ್ಲ.

ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ; ಅದನ್ನು ಮರೆಮಾಚಿ ತರುಣರನ್ನು ಹುರಿದುಂಬಿಸುವುದು ನ್ಯಾಯವಲ್ಲ. ದೊಡ್ಡವರ ಬಾಲವನ್ನು ಹಿಡಿದು ನದಿಯನ್ನು ದಾಟುವವನು ಅವರು ಮುಳುಗಿದಲ್ಲಿ ಮುಳುಗಬೇಕಾಗುತ್ತದೆ. ಒಂದೇ ಕಂಪೆನಿಯ ಪೋರ್ಟಲಿಗೆ ಹೊಂದುವಂತೆ ಸಾಫ್ಟ್‌ವೇರ್ ಬರೆದವನು ಆ ಕಂಪೆನಿಯು ಪೋರ್ಟಲನ್ನು ಬದಲಿಸಿದ ದಿನ ಬರಿಗೈಯಾಗುತ್ತಾನೆ. ಸರಬರಾಜುದಾರರು ಇಂತಹವರ ಸಾಫ್ಟ್‌ವೇರನ್ನೇ ಕೊಳ್ಳಬೇಕೆಂದು ಕೆಲವು ಕಂಪೆನಿಗಳು ಕಟ್ಟುಮಾಡುವುದೂ ಉಂಟು. ಆ "ಇಂತಹವರು" ಬಹುಮಟ್ಟಿಗೆ ಹೊರದೇಶದವರು. ಎಲ್ಲಕ್ಕೂ ಮಿಗಿಲಾಗಿ ಹಣದ ಪಾಡು. ಲೇತಿನವನಿಗೆ ಬಾಕಿ ಬಂದ ಮೇಲಲ್ಲವೇ ಅವನ ಕಂಪ್ಯೂಟರಿನವನಿಗೆ ಬಾಕಿ ತೀರುವುದು? 2006ರ ಸಣ್ಣ ಉದ್ಯಮಗಳ ಕಾಯಿದೆಯು ಕೊಂಡವನು ಹೆಚ್ಚೆಂದರೆ 45 ದಿನಗಳೊಳಗೆ ಹಣವನ್ನು ಕೊಡಬೇಕೆಂದೂ, ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ತೆರಬೇಕೆಂದೂ ವಿಧಿಸಿದೆ. ಕಾಯಿದೆಯು ಕಬ್ಬಿಣದಂತಿದೆ, ಅದನ್ನು ಕೈಗೆತ್ತಿಕೊಳ್ಳುವವರು ವಿರಳ. ದೂರು ಕೊಟ್ಟವನಿಗೆ ಮುಂದಿನ ಆರ್ಡರು ಬಾರದೆಂಬ ಭಯವೊಂದು. ಮಾಲನ್ನು ಒಪ್ಪಿಸಿದ ದಿನಾಂಕಕ್ಕೆ ತಕ್ಕ ಸಾಕ್ಷ್ಯವಿಲ್ಲವೆಂಬ ತೊಡಕು ಇನ್ನೊಂದು.

ಈ ಎರಡನೆಯ ತೊಡಕನ್ನು ನೀಗಿಸುವುದು ನಮ್ಮ ಪ್ರಸ್ತಾಪದ ವಿದ್ಯೆಯೇ. ಕಾಯಿದೆಯ ಪ್ರಕಾರ ಕೊಂಡವನು ಮಾಲು ಮುಟ್ಟಿದ 15 ದಿನಗಳೊಳಗೆ ಬರೆಹದಲ್ಲಿ ಆಕ್ಷೇಪಿಸದಿದ್ದರೆ, ಮುಟ್ಟಿದ ದಿನವೇ ಒಪ್ಪಿದ ದಿನ. ಮಾಲು ಹೆಬ್ಬಾಗಿಲನ್ನು ದಾಟಿದ ಗಳಿಗೆಯನ್ನು ಕಂಪೆನಿಯ ಯಂತ್ರವೇ ದಾಖಲಿಸುತ್ತದೆ. ಆ ದಾಖಲೆಯ ಪ್ರತಿಯು ಮಾರಿದವನ ಬಳಿಯೂ ಭದ್ರವಾಗಿದ್ದರೆ ವಾದಕ್ಕೆ ಎಡೆಯೆಲ್ಲಿ? ಬಿಲ್ಲುಗಳನ್ನು ಬ್ಯಾಂಕುಗಳ ಮುಂದೆ ಹರಾಜಿಗಿಟ್ಟು ಮೊದಲೇ ಹಣ ಪಡೆಯುವ ಟ್ರೆಡ್ಸ್ ಎಂಬ ವ್ಯವಸ್ಥೆಯೂ 2017ರಿಂದ ನಡೆಯುತ್ತಿದೆ. 500 ಕೋಟಿ ರೂಪಾಯಿಗಳಿಗೆ ಮೀರಿದ ವಹಿವಾಟಿನ ಕಂಪೆನಿಗಳು ಅದರಲ್ಲಿ ಸೇರಬೇಕೆಂದು 2018ರಲ್ಲಿ ಆಜ್ಞೆಯಾಯಿತು. 2024ರ ನವೆಂಬರಿನಲ್ಲಿ ಆ ಮಿತಿಯನ್ನು 250 ಕೋಟಿಗೆ ಇಳಿಸಲಾಯಿತು. ಅಲ್ಲಿಯೂ ಬಿಲ್ಲು ಎಲೆಕ್ಟ್ರಾನಿಕ್ ರೂಪದಲ್ಲಿ, ಕೊಂಡವನ ಒಪ್ಪಿಗೆಯೊಡನೆ ಇದ್ದರೆ ಮಾತ್ರ ಕೆಲಸ ನಡೆಯುವುದು. ಲೆಕ್ಕವನ್ನು ಚೊಕ್ಕಟವಾಗಿಡುವವನು ಸಣ್ಣ ಕಾರ್ಖಾನೆಗೆ ಖರ್ಚಿನ ಬಾಬಲ್ಲ, ವಸೂಲಿಯ ಅಸ್ತ್ರ.

ಅಧಿಕಾರಿವರ್ಗದವರು ಮಾಡಬಹುದಾದುದೂ ಇದೆ. ಕೇಂದ್ರ ಸರ್ಕಾರದ 2012ರ ಖರೀದಿ ನೀತಿಯ ಮೇರೆಗೆ ಕೇಂದ್ರದ ಇಲಾಖೆಗಳೂ ಉದ್ಯಮಗಳೂ ತಮ್ಮ ವಾರ್ಷಿಕ ಖರೀದಿಯಲ್ಲಿ ನೂರಕ್ಕೆ 25 ಪಾಲನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕು. ಮೊದಲು 20 ಇದ್ದುದನ್ನು 2018ರಲ್ಲಿ ಏರಿಸಿದುದು. ಈ ನೀತಿಯಲ್ಲಿ ಸರಕುಗಳ ಜೊತೆಗೆ ಸೇವೆಗಳೂ ಸೇರಿವೆಯೆಂಬುದನ್ನು ಅನೇಕರು ಗಮನಿಸಿದಂತಿಲ್ಲ. ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್, ಭಾರತ್ ಎಲೆಕ್ಟ್ರಾನಿಕ್ಸ್, ಬೆಮೆಲ್ ಮೊದಲಾದವುಗಳ ಕೇಂದ್ರ ಕಚೇರಿಗಳೇ ಇವೆ. ಬೋಲ್ಟು ನಟ್ಟುಗಳನ್ನು ಸಣ್ಣವರಿಂದ ಕೊಂಡು ಪಾಲನ್ನು ಭರ್ತಿಮಾಡುವುದು ಸುಲಭ. ಸಾಫ್ಟ್‌ವೇರನ್ನೂ ಅದರ ನಿರ್ವಹಣೆಯನ್ನೂ ಸಣ್ಣವರಿಂದ ಪಡೆದುದೆಷ್ಟೆಂದು ಪ್ರತ್ಯೇಕವಾಗಿ ಪ್ರಕಟಿಸುವಂತಾದರೆ ನಮ್ಮ ತರುಣರಿಗೆ ದಾರಿಯು ಕಾಣುವುದು. ಉದ್ಯಮ್ ನೋಂದಣಿಯನ್ನು ಸೇವಾ ಸಂಸ್ಥೆಗಳೂ ಪಡೆಯಬಹುದು. 45 ದಿನಗಳ ರಕ್ಷಣೆಯು ಲೇತಿನವನಿಗಿರುವಂತೆ ಸಾಫ್ಟ್‌ವೇರಿನವನಿಗೂ ಉಂಟು.

ಇನ್ನು ಕನ್ನಡದ ಮಾತು. ಇದನ್ನು ಭಾವುಕತೆಯಿಂದ ಹೇಳುತ್ತಿಲ್ಲ. ಪೋರ್ಟಲಿನ ಭಾಷೆ ಇಂಗ್ಲಿಷ್, ಚೀಟಿಯ ಭಾಷೆ ಇಂಗ್ಲಿಷ್, ಯಂತ್ರದ ಮುಂದೆ ನಿಂತು ನಗಗಳನ್ನು ಎಣಿಸುವವನು ಕನ್ನಡಿಗ, ಅಥವಾ ಕನ್ನಡವನ್ನು ಕಲಿತು ಬದುಕುತ್ತಿರುವ ಹೊರಗಿನವನು. ನಡುವೆ ಇರುವ ಸೂಪರ್‌ವೈಜರನು ಬಾಯಿಮಾತಿನಲ್ಲಿ ಭಾಷಾಂತರ ಮಾಡುತ್ತಾನೆ; ಮೊದಲ ತಪ್ಪು ಹುಟ್ಟುವುದು ಆ ಬಾಯಿಮಾತಿನಲ್ಲಿ. ತಿರಸ್ಕೃತವಾದ ನಗವನ್ನು ಯಾವ ಕಾರಣಕ್ಕೆ ತಿರಸ್ಕರಿಸಿದರೆಂಬುದನ್ನು ಕೆಲಸಗಾರನೇ ತನ್ನ ಭಾಷೆಯಲ್ಲಿ, ತನ್ನ ಕೈಯ ಫೋನಿನಲ್ಲಿ ಒತ್ತಿ ದಾಖಲಿಸುವಂತಿದ್ದರೆ ಆ ದಾಖಲೆಗೆ ಬೆಲೆ ಬರುತ್ತದೆ. ಗಣಕಯಂತ್ರದಲ್ಲಿ ಕನ್ನಡ ಅಕ್ಷರವು ಮೂಡುವಂತೆ ಮಾಡಲು ಹಿಂದಿನವರು ಪಟ್ಟ ಕಷ್ಟವು ತೀರಿದೆ. ಬರಹವನ್ನೂ ನುಡಿಯನ್ನೂ ರಚಿಸಿದವರು ಅದನ್ನು ತೀರಿಸಿಕೊಟ್ಟಿದ್ದಾರೆ. ಯೂನಿಕೋಡ್ ಬಂದ ಮೇಲೆ ಯಾವ ಫೋನಿನಲ್ಲಿಯೂ ಕನ್ನಡಕ್ಕೆ ತಡೆಯಿಲ್ಲ. "ಗಾಳಿಗುಳ್ಳೆ", "ಅಳತೆ ಕಡಿಮೆ", "ಮೈ ಒರಟು" ಎಂಬ ಮೂರು ಗುಂಡಿಗಳನ್ನು ಫೋನಿನಲ್ಲಿ ಮೂಡಿಸಲು ಹೊರದೇಶದವನು ಬರಲಾರ. ಬಂದರೂ ಎರಕದ ಮನೆಯಲ್ಲಿ ಯಾವ ಮಾತನ್ನು ಆಡುತ್ತಾರೆಂಬುದು ಅವನಿಗೆ ತಿಳಿಯದು. ಹುಬ್ಬಳ್ಳಿ, ದಾವಣಗೆರೆ, ಬೆಳಗಾವಿಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಯಾವುದೋ ಕಲ್ಪಿತ ಗ್ರಂಥಾಲಯಕ್ಕೆ ಸಾಫ್ಟ್‌ವೇರ್ ಬರೆದು ಅಟ್ಟಕ್ಕೆ ಎಸೆಯುವ ಬದಲು, ಊರಾಚೆಯ ಕೈಗಾರಿಕಾ ಬಡಾವಣೆಯಲ್ಲಿ ಒಂದು ಷೆಡ್ಡನ್ನು ಆರಿಸಿಕೊಂಡು ಈ ಮೂರು ಗುಂಡಿಗಳಿಂದ ಆರಂಭಿಸಬಹುದು. ಪ್ರಾಂಶುಪಾಲರ ಒಂದು ಪತ್ರವೂ ಕೈಗಾರಿಕಾ ಸಂಘದ ಒಂದು ಒಪ್ಪಿಗೆಯೂ ಇದ್ದರೆ ಬರುವ ಜೂನ್ ತಿಂಗಳಿನಿಂದಲೇ ಇದು ಆಗತಕ್ಕ ಕೆಲಸ.